ಪಿಕಪ್ಪಿನ ಮೂಗು

ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಮೂರೇ ಸಲ. ಅದರಲ್ಲಿ ಎರಡು ಸಲ ತೀರ್ಪುಗಾರರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಮೂರನೆಯ ಸಲ ಗೆದ್ದ ಹುಡುಗ ತೀರ್ಪುಗಾರರ ಅಣ್ಣನ ಮಗ ಎಂದು ಆಮೇಲೆ ತಿಳಿಯಿತು. ಹಾಗಾಗಿ, ಸರಿಯಾಗಿ ನೋಡಿದರೆ, ನಾನು ಸೋತೇ ಇಲ್ಲ. ಶಾಲೆಯಲ್ಲಿದ್ದಾಗ ನಮ್ಮ ಡೊಂಬಿವಲಿಯ ಕನ್ನಡ ಸಂಘದವರು ಚೀಟಿ ಎತ್ತಿಸಿ, 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ ಮಾತಾಡಿಸುತ್ತಿದ್ದರು. ಕಾಲೇಜು ಮುಗಿಯುವ ಹೊತ್ತಿಗೆ ನನಗೆ ಚೀಟಿಯ ಅಗತ್ಯವೇ ಉಳಿಯಲಿಲ್ಲ. ಯಾರು ಏನು ಹೇಳಿದರೂ ನನ್ನ ಪಾಲಿಗೆ ವಿರೋಧವೇ ಬಂದಿರುತ್ತಿತ್ತು. ಗೆದ್ದ ಕಪ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಅಪ್ಪ ನಮ್ಮ ಹೋಟೆಲಿನ ಹಣದ ಗಲ್ಲೆಯ ಮೇಲಿಟ್ಟು ಅದರಲ್ಲಿ ಬಡೀಶೇಪ್, ಅಂದರೆ ಸೋಂಪು, ತುಂಬಿಸಿದ್ದಾರೆ. ಊಟ ಮುಗಿಸಿದ ಗಿರಾಕಿಗಳು ನನ್ನ ವಾಗ್ಮಿತೆಯೊಳಗೆ ಚಮಚ ಹಾಕಿ ಬಾಯಿಗೆ ಎಸೆದುಕೊಂಡು ಹೋಗುತ್ತಾರೆ.

ಈ ವಿದ್ಯೆಯಿಂದ ಮನೆಗೆ ಉಪಯೋಗವಾಗಿಲ್ಲ ಎನ್ನುವಂತಿಲ್ಲ. ಅಮ್ಮನಿಗೆ ನೀಲದ ಉಂಗುರ ಹಾಕಿಸಲು ಬಂದ ಜ್ಯೋತಿಷಿಯನ್ನು ಅರ್ಧ ಗಂಟೆಯಲ್ಲಿ ಬರಿಗೈಯಲ್ಲಿ ಕಳಿಸಿದ್ದೇನೆ. ಸೊಸೈಟಿಯ ಸೆಕ್ರೆಟರಿ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯುತ್ತಾರೆ. ಗ್ಯಾರೇಜಿನ ಬಾಳು ದಾದಾ ನಮ್ಮ ಪಿಕಪ್ ಸರ್ವಿಸಿಗೆ ನಾಲ್ಕು ಕೆಲಸ ಬರೆದುಕೊಟ್ಟರೆ ಅದರಲ್ಲಿ ಮೂರನ್ನು ಅವನ ಕೈಯಿಂದಲೇ ಹೊಡೆದುಹಾಕಿಸಿದ್ದೇನೆ. "ಬದಲಿಸಬೇಕು ಅನ್ನುವವರೂ ನೀವೇ, ಮಾರುವವರೂ ನೀವೇ. ಬದಲಿಸದಿದ್ದರೆ ಕೆಡುತ್ತದೆ ಅನ್ನುವುದಕ್ಕೆ ಪುರಾವೆ ಎಲ್ಲಿ?" ಎಂದು ಕೇಳಿದ್ದೆ. ಅವನು ಪೆನ್ನು ತೆಗೆದ.

ನಮ್ಮ ಮನೆಯಲ್ಲಿ ನನ್ನ ಪ್ರಶ್ನೆಗಳಿಗೆ ಬಗ್ಗದವರು ಒಬ್ಬರೇ, ಅಮ್ಮನ ತಮ್ಮ ಸದಾಶಿವ ಮಾವ. ಅವರು ವಾದ ಮಾಡುವುದಿಲ್ಲ, ಮಾಡಿ ತೋರಿಸುತ್ತಾರೆ. ಮಾಡಿದ್ದು ಕೆಟ್ಟರೆ ಇನ್ನೊಂದನ್ನು ಮಾಡುತ್ತಾರೆ. ಹೋಟೆಲಿನಲ್ಲಿ ಚಟ್ನಿ ಬಡಿಸಲು ಸೌಟು ಯಾಕೆಂದು ಒಮ್ಮೆ ಸ್ಟೀಲ್ ಡ್ರಮ್ಮಿಗೆ ನಲ್ಲಿ ಕೂರಿಸಿದ್ದರು. ಮೊದಲ ದಿನ ಚಟ್ನಿ ಚೆನ್ನಾಗಿಯೇ ಸುರಿಯಿತು. ಎರಡನೆಯ ದಿನ ಒಗ್ಗರಣೆಯ ಸಾಸಿವೆ ಹೋಗಿ ನಲ್ಲಿಯ ಗಂಟಲಲ್ಲಿ ಕುಳಿತಿತು. ಸಿಟ್ಟಿನಲ್ಲಿ ನಲ್ಲಿಯನ್ನು ಬಲವಾಗಿ ತಿರುಗಿಸಿದ ಗಿರಾಕಿಯೊಬ್ಬರ ಬಿಳಿ ಶರ್ಟಿಗೆ ಅಪ್ಪ ಇಸ್ತ್ರಿ ಸಮೇತ ಪರಿಹಾರ ಕೊಡಬೇಕಾಯಿತು. ಅಂದಿನಿಂದ ಅಪ್ಪ ಭಾವಮೈದುನನ ಕೈಯಲ್ಲಿ ಸ್ಪಾನರ್ ಕಂಡರೆ ಗಲ್ಲೆ ಬಿಟ್ಟು ಎದ್ದು ಬರುತ್ತಾರೆ.

ಇಂಥ ಮಾವ ತಮ್ಮ ಜೀವನದಲ್ಲಿ ಸ್ವಂತವಾಗಿ ಸಂಪಾದಿಸಿದ ದೊಡ್ಡ ವಸ್ತುವೆಂದರೆ ಮಹಾಪೆಯ ಒಂದು ಕಂಪನಿಯ ಕ್ಯಾಂಟೀನಿಗೆ ಬೆಳಗಿನ ಇಡ್ಲಿ ಒದಗಿಸುವ ಆರ್ಡರು. ಹೋಟೆಲು ಅಪ್ಪನದು, ಅಡುಗೆ ಭಟ್ಟರದು, ಆದರೆ ಆ ಆರ್ಡರು ಮಾತ್ರ ಮಾವನದು. ದಿನಾ ಬೆಳಿಗ್ಗೆ ಪಿಕಪ್ಪಿನಲ್ಲಿ ಇಡ್ಲಿಯ ಡಬ್ಬಗಳನ್ನೂ ಸಾಂಬಾರಿನ ಹಂಡೆಯನ್ನೂ ಏರಿಸಿಕೊಂಡು ಶೀಳ್ ಫಾಟಾ ದಾಟಿ, ಗುಡ್ಡದ ಏರು ಹತ್ತಿ, ಏಳೂವರೆಗೆ ಮಹಾಪೆ ಮುಟ್ಟುತ್ತಿದ್ದರು. ಪಕ್ಕದ ಸೀಟಿನಲ್ಲಿ ನಾನು. ನನ್ನ ಆಫೀಸೂ ಅಲ್ಲೇ. ಠಾಣೆಯಲ್ಲಿ ಟ್ರೇನ್ ಬದಲಿಸಿ ಕೋಪರಖೈರಣೆಯಲ್ಲಿ ಇಳಿದು ರಿಕ್ಷಾ ಹಿಡಿಯುವುದಕ್ಕಿಂತ ಸಾಂಬಾರಿನ ಪರಿಮಳದಲ್ಲಿ ಹೋಗುವುದೇ ಮೇಲು ಎಂಬುದು ನಾನು ಯಾವ ಪುರಾವೆಯೂ ಕೇಳದೆ ಒಪ್ಪಿದ ಅಪರೂಪದ ಸಂಗತಿ.

ಆ ಪಿಕಪ್ಪಿಗೆ ಈ ಮಾರ್ಚಿನಲ್ಲಿ ಏನೋ ಆಯಿತು. ಸಪಾಟು ರಸ್ತೆಯಲ್ಲಿ ಓಡುತ್ತಿತ್ತು. ಏರು ಬಂದೊಡನೆ ಕಪ್ಪು ಹೊಗೆ ಬಿಟ್ಟು, ಮೊದಲ ಗೇರಿಗೆ ಇಳಿದು, ಗರ್ಭಿಣಿಯ ಹಾಗೆ ನಿಧಾನ ಹತ್ತುತ್ತಿತ್ತು. ಹಿಂದಿನ ಟ್ರಕ್ಕುಗಳು ಹಾರ್ನ್ ಹೊಡೆಯುತ್ತಿದ್ದವು. ರಿಕ್ಷಾಗಳು ಕೂಡ ನಮ್ಮನ್ನು ಹಿಂದಿಕ್ಕಿ, ತಿರುಗಿ ನೋಡಿ ಹೋಗುತ್ತಿದ್ದವು. ಒಂದೇ ವಾರದಲ್ಲಿ ಮೂರು ದಿನ ತಡವಾಯಿತು. ಕ್ಯಾಂಟೀನಿನ ಮ್ಯಾನೇಜರ್ ಮೇಡಂ ಕೂಗಾಡಲಿಲ್ಲ, ಅದೇ ಹೆದರಿಕೆ. ಮುಂದಿನ ಶನಿವಾರದವರೆಗೆ ನೋಡುತ್ತೇನೆ, ಇನ್ನೊಂದು ದಿನ ತಡವಾದರೂ ಸೋಮವಾರದಿಂದ ಅವಲಕ್ಕಿಯ ಪೋಹೆ ತರುವವರು ಬೇರೆ ಇದ್ದಾರೆ ಎಂದರು. ಪಿಕಪ್ಪನ್ನೇ ಮಾರಿಬಿಡುವ ಎಂದು ಅಪ್ಪ. ಆರ್ಡರು ಹೋದ ಮೇಲೆ ಗಾಡಿ ಯಾಕೆ, ಗಾಡಿ ಹೋದ ಮೇಲೆ ಸದಾಶಿವ ಗಲ್ಲೆಯಲ್ಲಿ ಕೂತು ಟೋಕನ್ ಹರಿಯಲಿ ಎಂದು ಅವರ ತೀರ್ಮಾನ. ಮಾವ ಅಂದು ರಾತ್ರಿ ಮೊಸರು ಹಾಕಿಸಿಕೊಳ್ಳದೆ ಊಟದಿಂದ ಎದ್ದರು. ನಾನು ಹುಟ್ಟಿದ ಮೇಲೆ ಅದು ಮೊದಲ ಸಲ.

ಮರುದಿನ ಅವರ ರೋಗನಿರ್ಣಯ ಹೊರಬಿತ್ತು. "ಅದಕ್ಕೆ ಉಸಿರು ಸಾಲ್ತಾ ಇಲ್ಲ ಮಾರಾಯ್ತಿ. ಒಲೆಗೆ ಗಾಳಿ ಕಮ್ಮಿಯಾದ್ರೆ ಹೊಗೆ ಬರ್ತದಲ್ಲ, ಹಾಗೆ."

ಇದು ಉಪಮೆ, ಪುರಾವೆಯಲ್ಲ ಎಂದೆ. ಮಾವ ಕೇಳಿಸಿಕೊಳ್ಳದೆ ಬಚ್ಚಲುಮನೆಗೆಂದು ತಂದಿದ್ದ ಪಿವಿಸಿ ಪೈಪನ್ನು ಅಳೆಯುತ್ತಿದ್ದರು. ಭಾನುವಾರವಿಡೀ ಹೋಟೆಲಿನ ಹಿಂದೆ ಕೆಲಸ ನಡೆಯಿತು. ಬಾನೆಟ್ಟಿನೊಳಗೆ ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಕಪ್ಪು ಡಬ್ಬವೊಂದಿತ್ತು. ಅದನ್ನು ಇಡಿಯಾಗಿ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದರು. ಅದರ ಜಾಗದಿಂದ ಪೈಪು ಹೊರಟಿತು. ಬಾನೆಟ್ಟಿನ ಸಂದಿಯಿಂದ ಹೊರಬಂದು, ಗಾಜಿನ ಪಕ್ಕದಲ್ಲೇ ಮೇಲೇರಿ, ಗಾಡಿಯ ತಲೆಯ ಮೇಲೆ ಮುಂದಕ್ಕೆ ಬಾಗಿತು. ಬಾಯಿಗೆ ದೋಸೆಹಿಟ್ಟು ಸುರಿಯುವ ಸ್ಟೀಲಿನ ದೊಡ್ಡ ಆಲಿಕೆ. ಆಲಿಕೆಯ ಬಾಯಿಗೆ ಧೂಳು ಸೋಸಲು ತೊಳೆದ ಇಡ್ಲಿ ಬಟ್ಟೆ, ರಬ್ಬರ್ ಬ್ಯಾಂಡ್ ಹಾಕಿ ಬಿಗಿದದ್ದು. ಬಾನೆಟ್ಟು ಪೂರ್ತಿ ಮುಚ್ಚದ್ದರಿಂದ ಅದಕ್ಕೊಂದು ಸೆಣಬಿನ ಹಗ್ಗ. ನೋಡಿದರೆ ಗಾಡಿ ಯಾರಿಗೋ ಕಿವಿಗೊಟ್ಟು ನಿಂತ ಹಾಗೆ ಇತ್ತು.

ಸೋಮವಾರ ಶೀಳ್ ಫಾಟಾದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಹವಾಲ್ದಾರ ನಮ್ಮನ್ನು ಬದಿಗೆ ಹಾಕಿಸಿದ. ಆಲಿಕೆಯನ್ನು ಬಹಳ ಹೊತ್ತು ನೋಡಿ, ಇದೇನೆಂದು ಮರಾಠಿಯಲ್ಲಿ ಕೇಳಿದ: "ಹೇ ಕಾಯ್ ಆಹೆ?"

"ನಾಕ್ ಆಹೆ ಸಾಹೇಬ್," ಮಾವ ಕೈಮುಗಿದರು. "ಗಾಡೀಲಾ ದಮಾ ಝಾಲಾ ಹೋತಾ."

ಮೂಗು, ಗಾಡಿಗೆ ಉಬ್ಬಸವಾಗಿತ್ತು ಎಂಬ ಈ ವಿವರಣೆಯನ್ನು ಹವಾಲ್ದಾರ ಗಂಭೀರವಾಗಿ ಪರಿಶೀಲಿಸಿದ. ಸದ್ದು ಮಾಡುತ್ತದೆಯೇ ಎಂದು ಕೇಳಿದ. ಇಲ್ಲ ಎಂದ ಮೇಲೆ ಕೈಬೀಸಿದ. ನಾನಾಗಿದ್ದರೆ ಕನಿಷ್ಠ ಆರು ಪ್ರಶ್ನೆ ಕೇಳುತ್ತಿದ್ದೆ.

ಆಮೇಲೆ ಏರು ಬಂತು. ಪಿಕಪ್ಪು ಹೊಗೆ ಬಿಡದೆ, ಎರಡನೆಯ ಗೇರಿನಲ್ಲೇ, ಜಿಗಿಯುತ್ತ ಹತ್ತಿತು. ಏಳು ಇಪ್ಪತ್ತಕ್ಕೆ ಕ್ಯಾಂಟೀನಿನ ಗೇಟಿನಲ್ಲಿದ್ದೆವು. ಮಾವ ನನ್ನ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಅವರು ಪಡುತ್ತಿದ್ದ ಶ್ರಮ ಮಾತ್ರ ಕಾಣುತ್ತಿತ್ತು.

ಒಂದು ದಿನದ ಫಲಿತಾಂಶ ಏನನ್ನೂ ಸಾಧಿಸುವುದಿಲ್ಲ ಎಂದು ನಾನು ಹೇಳಿದೆ. ಟ್ರಾಫಿಕ್ ಕಡಿಮೆ ಇದ್ದಿರಬಹುದು, ಸಾಂಬಾರು ನೀರಾಗಿ ಹಗುರವಾಗಿದ್ದಿರಬಹುದು. ಮಂಗಳವಾರವೂ ಗಾಡಿ ಹತ್ತಿತು. ಬುಧವಾರವೂ ಹತ್ತಿತು. ಮಾವ ಸಂಜೆ ಹೋಟೆಲಿನಲ್ಲಿ ಗಿರಾಕಿಗಳಿಗೆ ಪೈಪಿನ ತತ್ವ ವಿವರಿಸತೊಡಗಿದರು. ಅಪ್ಪ ಕೂಡ ಗಲ್ಲೆಯಿಂದ ಎದ್ದು ಬಂದು ಆಲಿಕೆಯನ್ನು ತಟ್ಟಿ ನೋಡಿ, "ಸದಾಶಿವನ ಕೈಯಲ್ಲಿ ಒಂದಾದ್ರೂ ಸರಿಯಾಯ್ತಲ್ಲ" ಎಂದರು. ಹೋಟೆಲು ಸೇರಿದ ಎಂಟು ವರ್ಷದಲ್ಲಿ ಮಾವನಿಗೆ ಅವರಿಂದ ಸಿಕ್ಕ ಮೊದಲ ಸರ್ಟಿಫಿಕೇಟು ಅದು. ಸಂತೋಷಪಡಬೇಕಾದ ನಾನು ಉಗುರು ಕಚ್ಚುತ್ತ ಕುಳಿತಿದ್ದೆ. ಬಚ್ಚಲಿನ ಪೈಪಿನಿಂದ ಎಂಜಿನ್ನಿನ ಶಕ್ತಿ ಹೆಚ್ಚುವುದಾದರೆ ಕಾರ್ಖಾನೆಯವರು ಅದನ್ನೇ ಯಾಕೆ ಹಾಕಿರಲಿಲ್ಲ?

ಗುರುವಾರ ಬೆಳಿಗ್ಗೆ ಮಾವ ಸಾಂಬಾರಿನ ಹಂಡೆ ತರಲು ಒಳಗೆ ಹೋದಾಗ ನಾನು ಹಗ್ಗ ಬಿಚ್ಚಿ, ಬಾನೆಟ್ಟು ಎತ್ತಿ, ಪೈಪನ್ನು ಹಿಡಿದಿದ್ದ ಪಟ್ಟಿಯ ಸ್ಕ್ರೂ ಸಡಿಲಿಸಿದೆ. ಪೈಪಿನ ತುದಿಯನ್ನು ಎಂಜಿನ್ನಿನಿಂದ ಒಂದು ಗೇಣು ಪಕ್ಕಕ್ಕೆ ಸರಿಸಿ ಹಗ್ಗವನ್ನು ಮೊದಲಿನಂತೆಯೇ ಕಟ್ಟಿದೆ. ಈಗ ಮೂಗು ಇತ್ತು, ಅದಕ್ಕೂ ಉಸಿರಿಗೂ ಸಂಬಂಧವಿರಲಿಲ್ಲ. ಚಾಲಕನಿಗೆ ತಿಳಿಯದಂತೆ ಪರೀಕ್ಷಿಸಿದರೇ ಅದು ಪರೀಕ್ಷೆ. ಇದನ್ನು ಮೋಸ ಎನ್ನುವವರಿಗೆ ವಿಜ್ಞಾನ ಗೊತ್ತಿಲ್ಲ ಎಂದು ಆಗ ನನಗೆ ಖಾತ್ರಿಯಿತ್ತು.

ಪಿಕಪ್ಪು ಅಂದೂ ಏರನ್ನು ಹತ್ತಿತು, ಅಷ್ಟೇ ಹುರುಪಿನಿಂದ. ಅರ್ಧ ಏರಿನಲ್ಲಿ ಮಾವ ಸ್ಟಿಯರಿಂಗನ್ನು ತಟ್ಟಿ, "ಇವತ್ತು ನಿನ್ನೆಗಿಂತ ಚಂದ ಹೋಗ್ತಾ ಉಂಟು. ನಿನ್ನೆ ಬಟ್ಟೆ ಒಗ್ದು ಹಾಕಿದ್ದೇನೆ, ಅದಕ್ಕೆ" ಎಂದರು. ನಾನು ಅಲ್ಲಿಯೇ ಹೇಳಬಹುದಿತ್ತು. ಆದರೆ ಸಾಕ್ಷಿಗಳಿಲ್ಲದ ಗೆಲುವು ನನಗೆ ಅಭ್ಯಾಸವಿಲ್ಲ. ಕ್ಯಾಂಟೀನಿನ ಗೇಟಿನಲ್ಲಿ, ಮ್ಯಾನೇಜರ್ ಮೇಡಮ್ಮೂ ಇಬ್ಬರು ವಾಚ್‌ಮನ್‌ಗಳೂ ನೋಡುತ್ತಿದ್ದಂತೆ, ಬಾನೆಟ್ಟು ಎತ್ತಿ ತೋರಿಸಿದೆ. ಪೈಪಿನ ತುದಿ ಗಾಳಿಯಲ್ಲಿ ಅನಾಥವಾಗಿ ನಿಂತಿತ್ತು. ವಾಚ್‌ಮನ್‌ಗಳು ನಕ್ಕರು.

ಮಾವ ಬಗ್ಗಿ ನೋಡಿದರು. "ಹೌದಲ್ಲ," ಎಂದರು. ಇಡ್ಲಿಯ ಡಬ್ಬಗಳನ್ನು ಒಂದೊಂದಾಗಿ ಇಳಿಸಿದರು. ಕೊನೆಯ ಡಬ್ಬ ಇಳಿಸಿದ ಮೇಲೆ ಕೈ ಒರೆಸಿಕೊಳ್ಳುತ್ತ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು: "ಹಾಗಾದ್ರೆ ಹತ್ತಿದ್ದು ಎಂತಕ್ಕೆ?"

ನನಗೆ ಗೊತ್ತಿರಲಿಲ್ಲ. ಎದುರಾಳಿಯ ವಾದವನ್ನು ಕೆಡವುವುದನ್ನು ಕಲಿಸಿದವರು ಆ ಜಾಗದಲ್ಲಿ ಏನು ಕಟ್ಟಬೇಕೆಂದು ಹೇಳಿಕೊಟ್ಟಿರಲಿಲ್ಲ. ಆಫೀಸಿನಲ್ಲಿ ಅಂದು ನನ್ನ ಕೆಲಸ ಸಾಗಲಿಲ್ಲ. ಸ್ಪರ್ಧೆಗಳಲ್ಲಿ ಸೋತವರಿಗೂ ಚಹಾ, ಬಿಸ್ಕೀಟು, ಭಾಗವಹಿಸಿದ ಪ್ರಮಾಣಪತ್ರ ಇರುತ್ತದೆ. ಮಾವನನ್ನು ನಾನು ಖಾಲಿ ಡಬ್ಬಗಳ ಜೊತೆ ಕಳಿಸಿದ್ದೆ.

ಸಂಜೆ ನಾನೇ ಅಟ್ಟ ಹತ್ತಿ ಪೇಪರಿನಲ್ಲಿ ಸುತ್ತಿಟ್ಟಿದ್ದ ಕಪ್ಪು ಡಬ್ಬವನ್ನು ಇಳಿಸಿದೆ. ಇಬ್ಬರೂ ಬಾಳು ದಾದಾನ ಗ್ಯಾರೇಜಿಗೆ ಹೋದೆವು. ಪೈಪನ್ನು ನೋಡಿ ಅವನು ಮೊದಲು ತಲೆಗೆ ಕೈಹಚ್ಚಿಕೊಂಡ. ಧೂಳೆಲ್ಲ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಎಂಜಿನ್ನೇ ಕೈಬಿಡುತ್ತಿತ್ತು ಎಂದು ಮಾವನನ್ನು ಬೈದ. ಆಮೇಲೆ ಡಬ್ಬದ ಮುಚ್ಚಳ ತೆಗೆದ. ಒಳಗಿನ ಕಾಗದದ ಫಿಲ್ಟರಿನ ಮಡಿಕೆ ಮಡಿಕೆಯಲ್ಲೂ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಬೆರಳಲ್ಲಿ ಕೆರೆದು ಮೂಸಿದರೆ ಗೋಧಿಹಿಟ್ಟು. ನಾವು ದಿನಾ ಬೆಳಿಗ್ಗೆ ಪಿಕಪ್ಪನ್ನು ಎಂಜಿನ್ ಚಾಲೂ ಇಟ್ಟು ನಿಲ್ಲಿಸಿ ಡಬ್ಬ ತುಂಬುವುದು ಹೋಟೆಲಿನ ಹಿಂದಿನ ಹಿಟ್ಟಿನ ಗಿರಣಿಯ ಕಿಟಕಿಯ ಕೆಳಗೆ. ಗಿರಣಿ ಉಗುಳಿದ್ದನ್ನೆಲ್ಲ ಪಾಪದ ಗಾಡಿ ಒಳಗೆಳೆದುಕೊಂಡು ಕೂತಿತ್ತು. ಉಸಿರು ಸಾಲುತ್ತಿಲ್ಲ ಎಂದು ಮಾವ ಹೇಳಿದ್ದು ಅಕ್ಷರಶಃ ನಿಜ. ಆ ಡಬ್ಬ ಬಿಚ್ಚಿದ್ದೇ ಮದ್ದು. ಅಲ್ಲಿ ಪೈಪಿನ ಬದಲು ಬಾಳೆದಿಂಡು ಸಿಕ್ಕಿಸಿದ್ದರೂ, ಅದು ಟೊಳ್ಳಾಗಿದ್ದರೆ, ಗಾಡಿ ಹತ್ತುತ್ತಿತ್ತು.

ಕೂಡಲೇ ನಾನು ವಕೀಲಳಾದೆ. ಫಿಲ್ಟರು ಈ ಸ್ಥಿತಿಗೆ ಬರುವವರೆಗೆ ಸರ್ವಿಸಿನಲ್ಲಿ ಬದಲಿಸಲಿಲ್ಲವೇಕೆ ಎಂದು ಬಾಳು ದಾದಾನನ್ನು ಕೇಳಿದೆ. ಅವನು ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಹಳೆಯ ಚೀಟಿಗಳ ಕಟ್ಟಿನಿಂದ ಒಂದನ್ನು ಎಳೆದ. ದೀಪಾವಳಿಗೆ ಮೊದಲಿನದು. ನಾಲ್ಕು ಕೆಲಸ ಬರೆದಿತ್ತು, ಮೂರು ಹೊಡೆದುಹಾಕಿತ್ತು. ಹೊಡೆದುಹಾಕಿದ್ದರಲ್ಲಿ ಎರಡನೆಯದು ಏರ್ ಫಿಲ್ಟರು. ಅವನು ಹಿಟ್ಟು ಮೆತ್ತಿದ ಫಿಲ್ಟರನ್ನು ಎರಡೂ ಕೈಯಲ್ಲಿ ಎತ್ತಿ, ಬಹುಮಾನ ಕೊಡುವಂತೆ, ನನ್ನ ಮುಂದೆ ಹಿಡಿದ.

"ಯೇ ಲೋ ಮೇಡಂ. ಆಪ್ ಕಾ ಪ್ರೂಫ್."

ಇಷ್ಟು ಭಾರದ ಕಪ್ ನನಗೆ ಯಾವ ಸಂಘದಿಂದಲೂ ಸಿಕ್ಕಿರಲಿಲ್ಲ.

ಮಾವ ನಗಬಹುದಿತ್ತು, ವಾಚ್‌ಮನ್‌ಗಳು ನಕ್ಕದ್ದರ ಬಡ್ಡಿ ಸಮೇತ. ಅವರು ಹೊಸ ಫಿಲ್ಟರು ಹಾಕಿಸಿ, ಗಾಡಿಯನ್ನು ಮನೆಯ ಕಡೆ ತಿರುಗಿಸಿ ಎರಡು ಸಿಗ್ನಲ್ ದಾಟಿಸಿದರು. ಆಮೇಲೆ, "ಭಾವನಿಗೆ ಎಂತ ಹೇಳುದು ಮಗಾ?" ಎಂದರು.

ನಾನು ಹೊರಗೆ ನೋಡುತ್ತ, "ಪೈಪಿನಿಂದಲೇ ಸರಿಯಾಯ್ತು ಅಂತಲೇ ಇರಲಿ," ಎಂದೆ.

"ಇರ್ಲಿ," ಎಂದರು ಮಾವ.

ಶನಿವಾರ ಏಳು ಹದಿನೈದಕ್ಕೇ ಮುಟ್ಟಿದೆವು. ಆರ್ಡರು ಉಳಿಯಿತು, ಪಿಕಪ್ಪು ಉಳಿಯಿತು, ಪೈಪೂ ಉಳಿಯಿತು. ಅದರ ಮೇಲಿನ ತುದಿಯಲ್ಲಿ ಆಲಿಕೆ, ಕೆಳಗಿನ ತುದಿ ಈಗ ಎಲ್ಲಿಗೂ ಹೋಗುವುದಿಲ್ಲ. ಇಲಿ ನುಗ್ಗದಂತೆ ಅದಕ್ಕೆ ಸ್ಟೀಲ್ ಲೋಟ ಕವುಚಿದೆ. ಹವಾಲ್ದಾರ ಮಾತ್ರ ಸಿಗ್ನಲ್ಲಿನಲ್ಲಿ ಗಾಡಿಯ ಆರೋಗ್ಯ ವಿಚಾರಿಸುತ್ತಾನೆ.

ಕಳೆದ ವಾರ ಕಲ್ಯಾಣದಿಂದ ಅಪ್ಪನ ದೂರದ ಸಂಬಂಧಿ ಶೀನಣ್ಣ ಬಂದಿದ್ದರು. ತರಕಾರಿ ಸಾಗಿಸುವ ಅವರ ಗಾಡಿಯೂ ಏರಿನಲ್ಲಿ ಏದುಸಿರು ಬಿಡುತ್ತದಂತೆ. ಪೈಪಿನ ಸುತ್ತ ಎರಡು ಸುತ್ತು ಬಂದು, ಮಾವ ಹೇಳಿದ್ದನ್ನೆಲ್ಲ ಕೇಳಿ, ನಂಬಿಕೆಯಾಗದೆ ನೇರ ನನ್ನ ಬಳಿ ಬಂದರು. "ನೀನು ಯಾರು ಹೇಳಿದ್ರೂ ಸುಮ್ಮನೆ ಒಪ್ಪುವವಳಲ್ಲ. ನೀನು ಹೇಳು ಮಗಾ, ಇದ್ರಿಂದ ಗುಣ ಉಂಟಾ?"

ಗಲ್ಲೆಯಲ್ಲಿ ಅಪ್ಪ ಕಿವಿ ನೆಟ್ಟಗೆ ಮಾಡಿದರು. ಮಾವ ಬಡೀಶೇಪಿನ ಕಪ್ಪಿನೊಳಗೆ ಬಹಳ ಆಸಕ್ತಿಯಿಂದ ಏನನ್ನೋ ಹುಡುಕತೊಡಗಿದರು.

"ಖಂಡಿತ ಉಂಟು ಶೀನಣ್ಣ," ಎಂದೆ. "ಆದರೆ ಮೊದಲು ಗ್ಯಾರೇಜಿಗೆ ಹೋಗಿ ಏರ್ ಫಿಲ್ಟರ್ ಬದಲಿಸಿ. ಅವರು ಬದಲಿಸಬೇಕು ಅಂದರೆ ಎದುರು ಮಾತಾಡಬೇಡಿ. ಬದಲಿಸಿದ ಮೇಲೆ ಪೈಪ್ ಕಟ್ಟಿ, ಎಲ್ಲಿಗೆ ಬೇಕಾದರೂ ಕಟ್ಟಿ. ವಾರಕ್ಕೊಮ್ಮೆ ಬಟ್ಟೆ ಒಗೆಯುವುದೊಂದನ್ನು ಮರೆಯಬೇಡಿ."

ಶೀನಣ್ಣ ತಲೆಯಾಡಿಸಿ ಎಲ್ಲವನ್ನೂ ಬರೆದುಕೊಂಡರು. ಪುರಾವೆ ಕೇಳಲಿಲ್ಲ. ಎಷ್ಟು ಒಳ್ಳೆಯ ಮನುಷ್ಯ.