ಕೊನೆಯ ಸಾಲಿನ ಮಾವ

ಗುಬ್ಬಿಯಲ್ಲಿ ನಾನು ಮೇಷ್ಟ್ರಾಗಿದ್ದ ಮಾಧ್ಯಮಿಕ ಶಾಲೆಯಲ್ಲಿ ಡ್ರಿಲ್ ಪೀರಿಯಡ್ಡಿಗೆ ಅತ್ಯಂತ ನಿಯತ್ತಾಗಿ ಬರುತ್ತಿದ್ದವರು ಯಾರು ಎಂದು ಕೇಳಿದರೆ, ನಾನು ಹಿಂದುಮುಂದು ನೋಡದೆ ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ, ನಿಜ. ಅವರಿಗೆ ಆಗಲೇ ನಲವತ್ತು ದಾಟಿತ್ತು, ಅದೂ ನಿಜ. ಆದರೆ ಹಾಜರಿ ಎಂದರೆ ಹಾಜರಿ! ಹನ್ನೊಂದು ದಿನ ಮಾತ್ರ ತಪ್ಪಿತು. ಆ ಹನ್ನೊಂದು ದಿನದ ಕಥೆ ಹೇಳದೆ ಜಾರಿಕೊಳ್ಳೋಣ ಅಂತಲೇ ಇಷ್ಟು ವರ್ಷ ಕಳೆದೆ. ಇವತ್ತು ಜಾರಲಾರೆ.

ಮಾವ ಮೊದಲು ತುಮಕೂರು-ಕುಣಿಗಲ್ ದಾರಿಯ ಒಂದು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರು. 'ರೈಟ್', 'ಹೋಲ್ಡಾನ್' ಎಂದು ಗಂಟಲು ಹರಿದುಕೊಳ್ಳುವವರನ್ನು ಅವರು ಕಂಡಕ್ಟರ್ ಎಂದೇ ಒಪ್ಪುತ್ತಿರಲಿಲ್ಲ. ಅವರದೆಲ್ಲ ಸೀಟಿಯ ಭಾಷೆ. ಉದ್ದಕ್ಕೆ ಒಂದು ಊದಿದರೆ ನಿಲ್ಲು, ಎರಡು ಗಿಡ್ಡ ಊದಿದರೆ ಹೊರಡು, ಗಿಡ್ಡಗಿಡ್ಡವಾಗಿ ಊದುತ್ತಲೇ ಇದ್ದರೆ ಹಿಂದಕ್ಕೆ ಬಾ. ನಮ್ಮಕ್ಕನ ಮದುವೆಯಲ್ಲಿ ಮೊದಲ ಪಂಕ್ತಿಯವರು ಊಟ ಮುಗಿಸಿಯೂ ಏಳದೆ ಎಲೆ ಮುಂದೆ ಹರಟುತ್ತಾ ಕೂತರು. ಹೊರಗೆ ಎರಡನೇ ಪಂಕ್ತಿಯ ಹೊಟ್ಟೆಗಳು ಶಾಪ ಹಾಕುತ್ತಿದ್ದವು. ಮಾವ ಜೇಬಿನಿಂದ ಸೀಟಿ ತೆಗೆದು ಎರಡು ಗಿಡ್ಡ ಊದಿದರು ನೋಡಿ, ಪಂಕ್ತಿಗೆ ಪಂಕ್ತಿಯೇ ಎದ್ದು ನಿಂತಿತು! ಮೂಲೆಯಲ್ಲಿ ತೂಕಡಿಸುತ್ತಿದ್ದ ಬೀಗರ ಕಡೆಯ ಹಿರಿಯರೊಬ್ಬರು ಗಾಬರಿಯಿಂದ, "ಕುಣಿಗಲ್ ಬಂತೇನಪ್ಪಾ?" ಎಂದರು.

ಆ ಸೀಟಿ ಒಂದು ಸಂಜೆ ನಿಂತುಹೋಯಿತು. ಕುಣಿಗಲ್ ಕಡೆಯ ಒಂದು ಹಳ್ಳಿ, ಬಸ್ಸಿನ ಕೊನೆಯ ಸ್ಟಾಪು. ಅಲ್ಲಿ ದಿನಾ ಬಸ್ಸು ಹಿಂದಕ್ಕೆ ಬಂದು ತಿರುಗಿಕೊಳ್ಳಬೇಕು. ಮಾವ ಹಿಂದೆ ನಿಂತು, ಆಚೀಚೆ ನೋಡಿ, ಸೀಟಿ ಊದಿದರು. ಆಗಷ್ಟೇ ಅವರೇ ಕೈಹಿಡಿದು ಇಳಿಸಿದ್ದ ಒಬ್ಬ ಅಜ್ಜಿ, ಸೀಟಿನ ಕೆಳಗೆ ಬಿಟ್ಟುಬಂದ ಎಲೆಅಡಿಕೆ ಚೀಲದ ನೆನಪಾಗಿ, ಆಚೆ ಪಕ್ಕದಿಂದ ಮತ್ತೆ ಬಸ್ಸಿನ ಹಿಂದಕ್ಕೆ ಬಂದಿದ್ದಳು. ಮಾವ ಉದ್ದದ್ದು ಊದುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಪ್ಪು ನಿನ್ನದಲ್ಲ ಅಂತ ಪೊಲೀಸರು ಅಂದರು, ಮಾಲೀಕರು ಅಂದರು, ಅಜ್ಜಿಯ ಮಗ ಕೂಡ ಅಂದ. ಮಾವನ ಕಿವಿ ಮಾತ್ರ ಒಪ್ಪಲಿಲ್ಲ.

ಅಲ್ಲಿಂದಾಚೆ ಸೀಟಿ ಕೇಳಿದರೆ ಸಾಕು, ಮಾವ ಕೂತಲ್ಲಿಂದ ಚಿಮ್ಮಿ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗುತ್ತಾ ಓಡುತ್ತಿದ್ದರು. ಆಮೇಲೆ ಗೋಡೆಗೊರಗಿ ಕೂತು ಒಂದು ಗಂಟೆ ನಡುಗುತ್ತಿದ್ದರು. ಕೆಲಸ ಬಿಟ್ಟರು, ನಿದ್ದೆಯೂ ಬಿಟ್ಟಿತು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. ಅಕ್ಕನ ಮನೆ ಅಂತ ನಮ್ಮ ಮನೆಗೇ ಬಂದರು.

ಅದೇ ಕಾಲಕ್ಕೆ ನಮ್ಮಮ್ಮ ಹಂಬಲಿಸಿ ಹಂಬಲಿಸಿ ಒಂದು ಪ್ರೆಷರ್ ಕುಕ್ಕರ್ ಕೊಂಡಿದ್ದಳು. ಮೊದಲ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಬೇಳೆ ಇಟ್ಟು, ನಾವೆಲ್ಲ ಸುತ್ತ ಕೂತು ಕಾಯುತ್ತಿದ್ದೆವು. 'ಸುಂಯ್' ಅಂದದ್ದೇ ತಡ, ಮಾವ ಅಡುಗೆಮನೆಗೆ ನುಗ್ಗಿ, ಒಲೆಯ ಹಿಂದೆ ಬಗ್ಗಿ, "ಹೋಲ್ಡಾನ್! ಹಿಂದೆ ಯಾರವ್ರೆ ನೋಡ್ರೋ!" ಎಂದು ಕಿರುಚಿದರು.

"ಯಾರೂ ಇಲ್ಲ ಕಣೋ! ಬೇಳೆ ಬೇಯ್ತಾ ಐತೆ, ಬರೀ ಬೇಳೆ!" ಎಂದು ಅಮ್ಮ ಅವರ ತೋಳು ಹಿಡಿದುಕೊಂಡಳು.

ನಾನು ಬಿದ್ದುಬಿದ್ದು ನಕ್ಕೆ. ಅಮ್ಮ ನಗಲಿಲ್ಲ. ಮಾರನೆಯ ದಿನ ಕುಕ್ಕರ್ ಅಟ್ಟ ಸೇರಿತು. ಮತ್ತೆ ಅದೇ ಹಳೇ ಪಾತ್ರೆ, ಅದೇ ಹೊಗೆ.

ಔಷಧಿ ಮಾಡಿಸಲಿಲ್ಲವೇ? ಮಾಡಿಸಿದೆವು! ತುಮಕೂರಿನ ಡಾಕ್ಟರು ನರದ ವೀಕ್ನೆಸ್ ಅಂತ ಕೆಂಪು ಟಾನಿಕ್ ಕೊಟ್ಟರು. ಬೆಳ್ಳಾವಿಯಿಂದ ಒಬ್ಬರು ತಾಯಿತ ಕಟ್ಟಿದರು. ಗೂಳೂರು ಗಣೇಶನಿಗೆ ಅಮ್ಮ ಹರಕೆ ಹೊತ್ತಳು. ಟಾನಿಕ್ಕು ಸಿಹಿಯಾಗಿದ್ದುದರಿಂದ ಮುಕ್ಕಾಲು ಪಾಲು ನಾನೇ ಕುಡಿದೆ. ಯಾವುದೂ ನಾಟಲಿಲ್ಲ. ವಿಚಿತ್ರವೆಂದರೆ ರೈಲು ಎಷ್ಟು ಕೂಗಿದರೂ ಮಾವನಿಗೆ ಏನೂ ಆಗುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ರೈಲಿಗೆ ಊದ್ದವನು ನಾನಲ್ಲವಲ್ಲ," ಎಂದರು.

ಎಪ್ಪತ್ತರ ದಶಕದ ಕೊನೆಗೆ ನನಗೆ ಗುಬ್ಬಿಯಲ್ಲಿ ಕೆಲಸ ಸಿಕ್ಕಿತು. ಅಮ್ಮ, ಮಾವ, ಅಟ್ಟದ ಕುಕ್ಕರ್ ಎಲ್ಲರನ್ನೂ ಕರೆದುಕೊಂಡು ಹೋದೆ. ನಡೆಯುವ ದೂರ ಉಳಿಯಲಿ ಅಂತ ನಾನು ಹಿಡಿದ ಬಾಡಿಗೆ ಮನೆ ಎಲ್ಲಿತ್ತು ಗೊತ್ತೇ? ಶಾಲೆಯ ಮೈದಾನಕ್ಕೆ ಹಿತ್ತಲು ಗೋಡೆ ಅಂಟಿಕೊಂಡಂತೆ! ದಿನಾ ಕೊನೇ ಪೀರಿಯಡ್ಡಿನಲ್ಲಿ ಅಲ್ಲಿ ಮಾಸ್ ಡ್ರಿಲ್. ನಮ್ಮ ಡ್ರಿಲ್ ಮೇಷ್ಟ್ರಿಗೆ ಹೊಟ್ಟೆ ಎಷ್ಟಿತ್ತೋ ಉಸಿರೂ ಅಷ್ಟೇ ಇತ್ತು. ಅವರು ಸೀಟಿ ಊದಿದರೆ ಪಕ್ಕದ ಬೀದಿಯ ಎಮ್ಮೆಗಳು ಸಾವ್‌ಧಾನ್‌ನಲ್ಲಿ ನಿಲ್ಲುತ್ತಿದ್ದವು. ಇಷ್ಟು ತಿಳಿದೂ ನಾನು ಆ ಮನೆ ಹಿಡಿದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು!

ಮೊದಲ ವಾರ ಮಾವ ಆ ಹೊತ್ತಿಗೆ ಮಂಚದ ಕೆಳಗಿದ್ದರು. ಎರಡನೇ ವಾರ ಒಂದು ದಿನ ತಡೆಯಲಾರದೆ, ಆ ಸೀಟಿಯನ್ನು ಕಿತ್ತು ಬಿಸಾಡಲೆಂದೇ ಗೇಟು ದಾಟಿ ಮೈದಾನಕ್ಕೆ ನುಗ್ಗಿದರು. ಕೊನೆಯ ಸಾಲು ಮುಟ್ಟುವಷ್ಟರಲ್ಲಿ ಮೇಷ್ಟ್ರು ಊದಿಬಿಟ್ಟರು. ಮುನ್ನೂರು ಮಕ್ಕಳ ಆರುನೂರು ಕೈ ಆಕಾಶಕ್ಕೆ ಎದ್ದವು. ಮಾವನ ಕೈಗಳೂ ಎದ್ದವು! ಯಾಕೆ ಎದ್ದವೋ ಅವರಿಗೂ ಗೊತ್ತಿಲ್ಲ. ಮತ್ತೆ ಸೀಟಿ, ಕೈ ಪಕ್ಕಕ್ಕೆ. ಮತ್ತೆ ಸೀಟಿ, ಕೈ ಕೆಳಕ್ಕೆ. ಯಾರೂ ಸಾಯಲಿಲ್ಲ.

ಮಾರನೆಯ ದಿನ ಕೊನೇ ಗಂಟೆ ಹೊಡೆಯುವ ಮುಂಚೆಯೇ ಮಾವ ಬನಿಯನ್ನು, ಹಳೇ ಖಾಕಿ ಪ್ಯಾಂಟು ಹಾಕಿಕೊಂಡು ಕೊನೆಯ ಸಾಲಿನಲ್ಲಿ ನಿಂತಿದ್ದರು. ಅದರ ಮಾರನೆಯ ದಿನವೂ. ಡ್ರಿಲ್ ಮೇಷ್ಟ್ರು ದೊಡ್ಡ ಮನುಷ್ಯರು. ಒಂದು ಪ್ರಶ್ನೆ ಕೇಳಲಿಲ್ಲ.

"ಹಿಂದ್ಗಡೆ ಖಾಕಿ ಪ್ಯಾಂಟು! ಮೊಣಕೈ ಬಗ್ಗಿಸ್ಬಾರ್ದು!"

"ಯಸ್ಸಾರ್!"

"ದಾಯೇ ಮುಡ್ ಅಂದ್ರೆ ಬಲಕ್ಕೆ ಸಾರ್, ಬಲಕ್ಕೆ! ನೀವ್ಯಾಕೆ ಆ ಹುಡುಗನ ಮುಖ ನೋಡ್ತಾ ನಿಂತ್ರಿ?"

"ಬಸ್ಸಲ್ಲಿ ಎಲ್ಲಾ ಎಡಕ್ಕೇ ಇಳ್ಸಿದ ಅಭ್ಯಾಸ ಸಾರ್!"

ಮುನ್ನೂರು ಮಕ್ಕಳೂ ಗೊಳ್ಳೆಂದರು. ಮಾವನೂ ನಕ್ಕರು. ಮೂರು ವರ್ಷದ ಮೇಲೆ ನಕ್ಕರು. ಡ್ರಿಲ್ ಆದ ಮೇಲೆ ಮೈದಾನಕ್ಕೆ ನಾಲ್ಕು ಸುತ್ತು ಓಡಿ, ಬೆವರು ಸುರಿಸಿಕೊಂಡು ಬಂದು, ಮೂರು ಮುದ್ದೆ ಮುರಿದು, ಗೊರಕೆ ಹೊಡೆದು ಮಲಗಲು ಶುರುಮಾಡಿದರು. ಹೀಗೇ ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ತಾವೇ, "ಅಕ್ಕ, ಆ ಕುಕ್ಕರ್ ಇಳ್ಸು," ಎಂದರು. ಅಮ್ಮ ಎದೆ ಹಿಡಿದುಕೊಂಡೇ ಬೇಳೆ ಇಟ್ಟಳು. 'ಸುಂಯ್' ಅಂದಿತು. ಅಡುಗೆಮನೆ ನಡುವೆ ನಿಂತಿದ್ದ ಮಾವ ಕಣ್ಣುಮುಚ್ಚಿ, ಎರಡೂ ಕೈ ನೆಟ್ಟಗೆ ಮೇಲೆತ್ತಿದರು. ಮತ್ತೆ 'ಸುಂಯ್', ಕೈ ಪಕ್ಕಕ್ಕೆ. ಮೂರನೆಯದಕ್ಕೆ ಕೈ ಕೆಳಕ್ಕೆ. "ಬೆಂದಿರ್ತದೆ, ಇಳ್ಸಕ್ಕ!" ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೊಗೆ ಇಲ್ಲದೆಯೇ.

"ಅದೇನು ಮಾವ ಇದು?" ಎಂದು ಒಮ್ಮೆ ಕೇಳಿದ್ದೆ.

"ವಿಷಲ್ ಆದ್ಮೇಲೆ ಕೈಗೊಂದು ಕೆಲಸ ಬೇಕು ಕಣೋ," ಎಂದರು. "ಅವತ್ತು ನಾನು ಬರೀ ಊದ್ದೆ. ಕೈ ಸುಮ್ನಿತ್ತು."

ಈಗ ತುಮಕೂರಿನಲ್ಲಿ ನನಗೆ ಪರಿಚಯದ ಒಬ್ಬ ಹುಡುಗ ಡಾಕ್ಟರಿದ್ದಾನೆ. ಇಂಥ ಕಾಯಿಲೆಗೆ ದೊಡ್ಡ ಇಂಗ್ಲಿಷ್ ಹೆಸರಿದೆಯಂತೆ. ಓಡಾಟ, ಕಸರತ್ತು, ಮೈ ಬೆವರುವುದು ಇಂಥವರಿಗೆ ಬಹಳ ಒಳ್ಳೆಯದಂತೆ. ಅವನು ಹೇಳುತ್ತಿದ್ದಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಯಾಕೆಂದರೆ ಅಂಥ ಮದ್ದು ಮಾವನಿಗೆ ತಾನಾಗಿ ಸಿಕ್ಕಿತ್ತು, ಮತ್ತು ಅದನ್ನು ಕಿತ್ತುಕೊಂಡವನು ನಾನು.

ಸ್ಟಾಫ್ ರೂಮಿನ ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಒಂದು ದಿನ ಗಣಿತದ ಮೇಷ್ಟ್ರು, "ಯಾರ್ರೀ ಅದು, ಆ ಬನಿಯನ್ ಪಾರ್ಟಿ?" ಎಂದರು. ನಾನು ಹೊಸಬ. ಇಸ್ತ್ರಿ ಷರಟು ಹಾಕಿ, ಮೇಷ್ಟ್ರೇ ಎಂದು ಕರೆಸಿಕೊಂಡು ನಾಲ್ಕೇ ತಿಂಗಳಾಗಿತ್ತು. ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? "ನಮ್ಮ ಬೀದಿಯೋನು ಸಾರ್. ಸ್ವಲ್ಪ ಲೂಸು."

ಆ ಮಾತನ್ನು ಈಗ ಬರೆಯುವಾಗಲೂ ಪೆನ್ನು ನಿಂತಿತು.

ಅಷ್ಟರಲ್ಲಿ ಇನ್‌ಸ್ಪೆಕ್ಷನ್ ಬಂತು. ಹೆಡ್‌ಮೇಷ್ಟ್ರು ನನ್ನನ್ನು ಕರೆದು ಮೆತ್ತಗೆ, "ನಿಮ್ಮ ಬೀದಿಯವರಂತಲ್ಲ, ಎರಡು ದಿನ ಮಾತ್ರ ಬರಬೇಡಿ ಅಂತ ಅವರಿಗೆ ಹೇಳ್ತೀರಾ?" ಎಂದರು. ಎರಡು ದಿನ! ಅವರು ಕೇಳಿದ್ದು ಎರಡೇ ದಿನ. ನಾನು ಮನೆಗೆ ಹೋಗಿ, "ಮಾವ, ಇನ್ಮೇಲೆ ಡ್ರಿಲ್ಲೇ ಇಲ್ಲ. ಗೌರ್ಮೆಂಟ್ ಆರ್ಡರ್ ಬಂದಿದೆ. ಎಲ್ಲಾ ಸ್ಕೂಲಲ್ಲೂ ನಿಲ್ಲಿಸಿದ್ದಾರೆ," ಎಂದುಬಿಟ್ಟೆ. ಒಂದೇ ಏಟಿಗೆ ಶಾಶ್ವತವಾಗಿ ಮಾನ ಉಳಿಸಿಕೊಳ್ಳುವ ಲೆಕ್ಕಾಚಾರ ನನ್ನದು.

ಮಾವ ಖಾಕಿ ಪ್ಯಾಂಟನ್ನು ಮಡಿಚಿ ಪಕ್ಕಕ್ಕಿಟ್ಟರು. "ಆರ್ಡ್ರಾ? ಹಂಗಾರೆ ಏನ್ ಮಾಡಕಾಯ್ತದೆ ಬುಡು," ಎಂದರು.

ಅಮ್ಮ ಆಗ ಊರಲ್ಲಿರಲಿಲ್ಲ. ಅಕ್ಕನ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ಮಾರನೆಯ ದಿನ ಕೊನೇ ಪೀರಿಯಡ್ ನನಗೆ ಬಿಡುವಿತ್ತು. ಕಾಫಿ ಕುಡಿಯೋಣ ಅಂತ ಮನೆಗೆ ಬಂದೆ. ಮಾವ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಆಗ ಗೋಡೆಯಾಚೆ ಡ್ರಿಲ್ ಮೇಷ್ಟ್ರು ಎಂದಿನಂತೆ ಊದಿದರು. ಸುಳ್ಳು ಹೇಳುವಾಗ, ಸೀಟಿ ಗೋಡೆ ದಾಟಿ ಬರುತ್ತದೆ ಅನ್ನುವುದನ್ನೇ ನಾನು ಮರೆತಿದ್ದೆ! ಮಾವನ ಮುಖ ಬಿಳುಚಿತು. ಕೈ ಅರ್ಧ ಮೇಲೆದ್ದು, ಗಾಳಿಯಲ್ಲೇ ನಿಂತು, ಹಾಗೇ ಕೆಳಗಿಳಿಯಿತು.

"ಈಗ ವಿಷಲ್ ಆಯ್ತೇನ್ಲಾ?" ಎಂದರು.

ಆಯಿತು ಮಾವ, ನಾನು ಸುಳ್ಳು ಹೇಳಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೆ ಬೇಕಾದದ್ದು ಅರ್ಧ ನಿಮಿಷದ ಧೈರ್ಯ. ನಾನು, "ಇಲ್ವಲ್ಲ ಮಾವ. ನಂಗೇನೂ ಕೇಳಿಸ್ಲಿಲ್ಲ," ಎಂದೆ.

ಆಚೆ ಮೇಷ್ಟ್ರು ಮತ್ತೊಮ್ಮೆ ಊದಿದರು. ಮಾವ ನನ್ನ ಮುಖವನ್ನೇ ನೋಡಿದರು. ನಾನು ಕಾಫಿ ಆರಿಸುತ್ತಿದ್ದೆ.

"ಹಂಗಾರೆ ಈಗ ತಲೆ ಒಳಗೇ ಊದಕ್ಕೆ ಶುರುವಾಯ್ತು," ಎಂದು ತಮಗೆ ತಾವೇ ಹೇಳಿಕೊಂಡರು. ಅಷ್ಟೇ. ಕಿರುಚಲಿಲ್ಲ, ಓಡಲಿಲ್ಲ. ಅದಕ್ಕಿಂತ ಕಿರುಚಿದ್ದರೇ ಚೆನ್ನಾಗಿತ್ತು.

ಹೀಗೆ ಹನ್ನೊಂದು ದಿನ. ಊಟ ಬಿಟ್ಟರು. ಕಿವಿಗೆ ಹತ್ತಿ ತುರುಕಿಕೊಂಡರು. ಕುಕ್ಕರನ್ನು ತಾವೇ ಅಟ್ಟಕ್ಕೆ ಹಾಕಿದರು. ನನ್ನ ಮಾನ ಮಾತ್ರ ಇಸ್ತ್ರಿ ಮುದುರದೆ ಭದ್ರವಾಗಿತ್ತು. ಇನ್‌ಸ್ಪೆಕ್ಷನ್ ಸುಸೂತ್ರವಾಗಿ ಮುಗಿದು, ಇನ್‌ಸ್ಪೆಕ್ಟರು ನನ್ನ ಪಾಠವನ್ನು ಬಲು ಹೊಗಳಿದರು. ಪಾಠ ಯಾವುದು ಗೊತ್ತೇ? ಸತ್ಯವೇ ದೇವರು!

ಹನ್ನೆರಡನೆಯ ದಿನ ಭಾನುವಾರ ಬೆಳಿಗ್ಗೆ ಡ್ರಿಲ್ ಮೇಷ್ಟ್ರು ಹೊಟ್ಟೆಸಮೇತ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಏನ್ ಸಾರ್ ಇದು," ಎಂದು ನನ್ನನ್ನು ದಾಟಿ ಸೀದಾ ಮಾವನ ಕಡೆ ಹೋದರು. "ಇನ್‌ಸ್ಪೆಕ್ಷನ್ ಮುಗಿದು ವಾರದ ಮೇಲಾಯ್ತು, ಇನ್ನೂ ಬರಲ್ವಾ? ಹಿಂದಿನ ಸಾಲು ಡೊಂಕಾಗಿ ಹೋಗಿದೆ. ಹುಡುಗರು ನಿಮ್ಮನ್ನ ನೋಡ್ಕೊಂಡು ನಿಲ್ತಿದ್ರು."

ಮಾವ ಕಿವಿಯಿಂದ ಹತ್ತಿ ತೆಗೆದರು. "ಸಾರ್," ಎಂದರು, ಬಹಳ ಸಣ್ಣ ದನಿಯಲ್ಲಿ. "ನೀವು ವಿಷಲ್ ಊದ್ತಾ ಇದ್ದೀರಾ?"

"ಊದದೆ ಇನ್ನೇನು! ಅದಕ್ಕೇ ಅಲ್ವಾ ನಂಗೆ ಸಂಬಳ? ದಿನಾ ಊದ್ತೀನಿ."

"ದಿನಾ?"

"ದಿನಾ."

ಮಾವ ನನ್ನ ಕಡೆ ತಿರುಗಿದರು. ಕೆನ್ನೆಗೆ ಬಾರಿಸಿದ್ದರೆ ಇವತ್ತು ಈ ಪ್ರಬಂಧ ಬರೆಯುವ ಅಗತ್ಯ ಇರುತ್ತಿರಲಿಲ್ಲ. ಅವರು ಬಾರಿಸಲಿಲ್ಲ. ಮುಖ ನಿಧಾನವಾಗಿ ಅರಳಿ, ಕಣ್ಣಲ್ಲಿ ನೀರು ತುಂಬಿ, "ನನ್ ಕಿವಿ ಸರಿಯಾಗೈತೆ ಕಣೋ! ನಂಗೇನೂ ಆಗಿಲ್ಲ!" ಎಂದರು. ನಾನು ಮಾಡಿದ್ದು ಅವರಿಗೆ ಆ ಕ್ಷಣ ಕಾಣಲೇ ಇಲ್ಲ. ಕಂಡಮೇಲೂ ಒಂದು ದಿನವಾದರೂ ಎತ್ತಿ ಆಡಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ಅಮ್ಮ ತೀರಿಕೊಳ್ಳುವವರೆಗೂ ಮಗ ಚಿನ್ನ ಎಂದೇ ನಂಬಿದ್ದಳು.

ಹೊರಡುವಾಗ ಡ್ರಿಲ್ ಮೇಷ್ಟ್ರು ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಾ, "ನಿಮ್ಮ ಸೋದರಮಾವ ಅಂತ ನಮಗೆಲ್ಲಾ ಮೊದಲ ದಿನದಿಂದ್ಲೂ ಗೊತ್ತಿತ್ತು ಮೇಷ್ಟ್ರೇ," ಎಂದರು. "ನೀವೇ ಹೇಳ್ಲಿ ಅಂತ ಕಾಯ್ತಿದ್ವಿ."

ಮಾವ ಮತ್ತೆ ಕೊನೆಯ ಸಾಲಿಗೆ ಹೋದರು. ಕುಕ್ಕರ್ ಮತ್ತೆ ಇಳಿಯಿತು. ವರ್ಷ ನಾಲ್ಕೈದು ಕಳೆದವು. ಒಂದು ದಿನ ಮಾವ ತಾವಾಗಿಯೇ, "ಕುಣಿಗಲ್ಲಲ್ಲಿ ನೆಂಟ್ರ ಗೃಹಪ್ರವೇಶ ಐತಲ್ಲ, ಬಸ್ಸಲ್ಲೇ ಹೋಗೋಣ," ಎಂದರು. ಅಜ್ಜಿ ಸತ್ತ ಆ ಸಂಜೆಯ ನಂತರ ಅವರು ಬಸ್ಸು ಹತ್ತಿರಲೇ ಇಲ್ಲ. ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಕೂತೆವು. ಕಂಡಕ್ಟರ್ ಸೀಟಿ ಊದಿದಾಗಲೆಲ್ಲ ಮಾವನ ತೊಡೆಯ ಮೇಲೆ ಹತ್ತು ಬೆರಳೂ ಒಮ್ಮೆ ಎದ್ದು ಕೂರುತ್ತಿದ್ದವು. ನಾನು ಕಿಟಕಿಯಾಚೆ ನೋಡುವವನಂತೆ ನಟಿಸಿದೆ.

ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟಿರಬೇಕು, ಪಕ್ಕದಲ್ಲೇ ಒಂದು ಬಸ್ಸು ಹಿಂದಕ್ಕೆ ಬರತೊಡಗಿತು. ಅದರ ಕಂಡಕ್ಟರ್ ಗಿಡ್ಡಗಿಡ್ಡವಾಗಿ ಊದುತ್ತಿದ್ದ. ಇದು ಡ್ರಿಲ್ಲಿನದಲ್ಲ, ಕುಕ್ಕರಿನದಲ್ಲ. ಅದೇ ಸೀಟಿ. ಮಾವ ಕಂಬದಂತೆ ನಿಂತರು. ತುಟಿ 'ಹೋ' ಎಂದು ತೆರೆಯಿತು. ಆಮೇಲೆ, ಅಷ್ಟು ಜನರ ನಡುವೆ, ಕಣ್ಣುಮುಚ್ಚಿ, ಎರಡೂ ಕೈ ನೆಟ್ಟಗೆ ಆಕಾಶಕ್ಕೆ ಎತ್ತಿದರು.

ಜನ ನಿಂತು ನೋಡಿದರು. ಕಡಲೆಕಾಯಿ ಮಾರುತ್ತಿದ್ದವನೊಬ್ಬ ನಗುತ್ತಾ ನನ್ನನ್ನು ಕೇಳಿದ, "ಏನ್ ಸಾರ್, ಯಾರಿವ್ರು?"

ನಾನು ಬ್ಯಾಗು ಕೆಳಗಿಟ್ಟೆ. ಇಸ್ತ್ರಿ ಷರಟಿನ ಎರಡೂ ಕೈ ಮೇಲೆತ್ತಿ ಅವರ ಪಕ್ಕ ನಿಂತೆ.

"ನಮ್ಮ ಸೋದರಮಾವ," ಎಂದೆ.

ಬಸ್ಸು ನಿಂತಿತು. ಸೀಟಿಯೂ ನಿಂತಿತು. ಹಿಂದೆ ಯಾರೂ ಇರಲಿಲ್ಲ. ನನ್ನ ತೋಳು ನೋಯತೊಡಗಿತ್ತು, ಮೆಲ್ಲಗೆ ಇಳಿಸಲು ಹೋದೆ. ಮಾವ ಕಣ್ಣು ತೆರೆಯದೆಯೇ ಗದರಿದರು:

"ಕೈ ಇಳಿಸ್ಬೇಡ್ವೋ. ಮೇಷ್ಟ್ರು ಇನ್ನೂ ವಿಶ್ರಾಮ್ ಅಂದಿಲ್ಲ."