ನರಸಿಂಹಯ್ಯನವರ ಮಾರ್ಬಲ್ ತಾವರೆ

ಜಕ್ಕೂರಿನ ನರಸಿಂಹಯ್ಯನವರು ಹೊಸ ಮನೆಯ ಹಾಲ್‌ನ ನಟ್ಟನಡುವೆ ತಾವರೆ ಹಾಕಿಸಿದ್ದೇ ತಪ್ಪಾಯಿತು. ಬಿಳಿ ಮಾರ್ಬಲ್ ಕೊರೆದು, ಅದರೊಳಗೆ ಗುಲಾಬಿ, ಹಸಿರು ಕಲ್ಲಿನ ಎಸಳುಗಳನ್ನು ಕೂರಿಸಿದ, ಗಾಡಿಯ ಚಕ್ರದಷ್ಟು ಅಗಲದ ತಾವರೆ. ಮಾರ್ಬಲ್ ಕೆಲಸದ ಆರ್.ಟಿ. ನಗರದ ಮುಜಫ್ಫರ್ ಅದಕ್ಕೆ ಕೊನೆಯ ಪಾಲಿಶ್ ಹೊಡೆದು ಕೈ ತೊಳೆಯುತ್ತಿರುವಾಗಲೇ ಪಕ್ಕದ ಮನೆಯ ಅಂಜನಮ್ಮ ಬಂದರು. ಬಂದವರು ಕೆಂಡ ತುಳಿದಂತೆ ಕಾಲು ಹಿಂದಕ್ಕೆ ತೆಗೆದರು.

"ತಾವ್ರೆ ತುಳೀತಾರಾ ಯಾರಾದ್ರೂ? ಲಕ್ಷ್ಮಿ ಕೂರೋ ಜಾಗ ಕಣಮ್ಮಾ ಅದು."

ನರಸಿಂಹಯ್ಯನವರ ಹೆಂಡತಿ ಗಂಗರತ್ನಮ್ಮನಿಗೆ ಅಷ್ಟು ಸಾಕಿತ್ತು. ಶುಕ್ರವಾರ ಬೇರೆ. ತಾವರೆಗೆ ಅರಿಶಿನ ಕುಂಕುಮ ಬಿತ್ತು, ಸೋಫಾ ವರಾಂಡಕ್ಕೆ ಹೋಯಿತು. ಫ್ಯಾನ್ ಕೆಳಗಿದ್ದ ನರಸಿಂಹಯ್ಯನವರ ಕುರ್ಚಿ ಅಡುಗೆಮನೆ ಸೇರಿತು. ಮನೆಯ ಯಜಮಾನರು ಹಲ್ಲಿಯಂತೆ ಗೋಡೆಗೆ ಅಂಟಿಕೊಂಡು ಓಡಾಡಬೇಕಾಯಿತು.

ಕಾರ್ಪೆಟ್ ಹಾಸಿಬಿಡೋಣ ಎಂದರು ಮುಜಫ್ಫರ್. ಹಾಸಿದರೂ ತುಳಿದದ್ದು ತುಳಿದದ್ದೇ ಎಂದರು ಅಂಜನಮ್ಮ. ಹಾಗಾದರೆ ಹೂವನ್ನೇ ಕತ್ತರಿಸಿ ತೆಗೆದು ಸಾದಾ ಕಲ್ಲು ಹಾಕಿಕೊಡಲೇ ಎಂದದ್ದಕ್ಕೆ ಗಂಗರತ್ನಮ್ಮ ಕಿವಿ ಮುಚ್ಚಿಕೊಂಡರು. ಮುಜಫ್ಫರ್, ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಗಾಡಿ ಹತ್ತಿ ಪಾರಾದರು.

ನರಸಿಂಹಯ್ಯನವರಿಗೆ ರೇಗಿತು. ಊರಲ್ಲಿ ಯಾರಿಗೂ ಬಗ್ಗಿ ನಡೆಯದ ಮನುಷ್ಯ ತನ್ನದೇ ಹಾಲ್‌ನಲ್ಲಿ ಪಕ್ಕಕ್ಕೆ ಸರಿಯುವುದೇ? ಶರ್ಟು ಬಿಚ್ಚಿ, ಟವೆಲ್ ಹೆಗಲಿಗೆ ಹಾಕಿ, ಸೀದಾ ಹೋಗಿ ತಾವರೆಯ ಮಧ್ಯದಲ್ಲಿ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟರು.

"ಕೂರೋ ಜಾಗ ತಾನೆ? ಕೂತಿವ್ನಿ. ಅದ್ಯಾರ್ ಎಬ್ಬುಸ್ತೀರೋ ಎಬ್ಬುಸ್ರಿ."

ಅಂಜನಮ್ಮ ಹೆದರಿಸಿದರು, ಗಂಗರತ್ನಮ್ಮ ಬೇಡಿಕೊಂಡರು. ಚಿಕ್ಕಬಾಣಾವರದಿಂದ ಭಾವಮೈದುನ ಫೋನಿನಲ್ಲೇ ಬುದ್ಧಿ ಹೇಳಿದ. ನರಸಿಂಹಯ್ಯನವರು ಕಣ್ಣು ಮುಚ್ಚಿದರು. ಊಟಕ್ಕೆ ಕರೆದರೂ ಏಳಲಿಲ್ಲ. ಒಮ್ಮೆ ಎದ್ದರೆ ಜಾಗ ಹೋಯಿತೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಜನಮ್ಮ ಬೀದಿಗೆಲ್ಲ ತಾವರೆಯ ಸುದ್ದಿ ಮುಟ್ಟಿಸಲು ಹೊರಟರು.

ಸಂಜೆ ಎದುರಿನ ಅಪಾರ್ಟ್‌ಮೆಂಟಿನ ಹೆಂಗಸರು ಹೂವು ಹಣ್ಣಿನ ತಟ್ಟೆ ಹಿಡಿದು ಲಕ್ಷ್ಮಿಯ ಪೀಠ ನೋಡಲು ಬಂದರು. ಪೀಠದ ಮೇಲೆ ಬರಿಮೈಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಹಿರಿಯರನ್ನು ಕಂಡು ಬಾಗಿಲಲ್ಲೇ ಕೈಮುಗಿದರು. ಮಧ್ಯಾಹ್ನದಿಂದ ಹನಿ ನೀರೂ ಮುಟ್ಟಿಲ್ಲ ಎಂದು ಗಂಗರತ್ನಮ್ಮ ಗಂಡನ ಮೇಲೆ ದೂರು ಹೇಳಿಕೊಂಡರೆ, ಬಂದವರ ಭಕ್ತಿ ಇನ್ನಷ್ಟು ಹೆಚ್ಚಿತು. ಒಬ್ಬಾಕೆ ಬಾಳೆಹಣ್ಣು ಇಟ್ಟು ಕಾಲಿಗೆ ಬಿದ್ದಳು. ನರಸಿಂಹಯ್ಯನವರು ಕಣ್ಣು ಬಿಟ್ಟು, ನಿಮಗೇನು ತಲೆ ಕೆಟ್ಟಿದೆಯಾ, ಎದ್ದು ಮನೆಗೆ ಹೋಗಿ ಎಂದು ಗದರಿದರು. ಇಂಥವರು ಬೈದರೆ ಅಂದುಕೊಂಡಿದ್ದು ಆಗುತ್ತದೆ ಎಂದು ಆಕೆ ಫೋನ್ ಮಾಡಿ ತನ್ನ ಅಕ್ಕನನ್ನೂ ಕರೆಸಿದಳು. ನೋಡುನೋಡುತ್ತಲೇ ಮೆಟ್ಟಿಲ ತುಂಬ ಚಪ್ಪಲಿಗಳಾದವು.

ಕತ್ತಲಾಗುವ ಹೊತ್ತಿಗೆ ನರಸಿಂಹಯ್ಯನವರ ಕಾಲು ಜೋಮು ಹಿಡಿದಿತ್ತು. ಹೆಂಡತಿಯನ್ನು ಹತ್ತಿರ ಕರೆದು, ನಾನು ಸೋತೆ, ಗೋಡೆ ಪಕ್ಕದಲ್ಲೇ ಓಡಾಡಿಕೊಂಡಿರುತ್ತೇನೆ, ಈಗ ಅರ್ಜೆಂಟಾಗಿ ಒಂದಕ್ಕೆ ಹೋಗಬೇಕು ಎಂದು ಪಿಸುಗುಟ್ಟಿದರು.

ಗಂಗರತ್ನಮ್ಮ ಅವರ ಹಣೆಗೆ ಕುಂಕುಮ ಇಟ್ಟು, ಹೆಗಲು ಅದುಮಿ ಮತ್ತೆ ಕೂರಿಸಿದರು.

"ವಸಿ ತಡ್ಕಳಿ. ಲೈನು ಇನ್ನೂ ಗೇಟಿಂದಾಚೆಗೈತೆ."