ಹಲ್ಲುಪುಡಿ ಕಂಡ ಬೆಳ್ಳಿ ನಾಣ್ಯ

ವಸ್ತುವನ್ನು ಕೈಗೆತ್ತಿಕೊಂಡ ಕೂಡಲೇ ಅದರ ಜಾತಕ ಹೇಳಬಲ್ಲ ಮಹಾಪುರುಷರು ಲೋಕದಲ್ಲಿ ಕೆಲವರೇ. ಅವರಲ್ಲಿ ನಾನೂ ಒಬ್ಬ. ಇದನ್ನು ನಾನೇ ಹೇಳಿಕೊಳ್ಳುತ್ತಿರುವುದು ಬೇರೆ ಯಾರೂ ಹೇಳದ ಕಾರಣ! ಹಳೆ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಕೊಂಡು, ಫಳಫಳ ಹೊಳೆಯುವಂತೆ ಉಜ್ಜಿ ಮಾರುವುದು ನನ್ನ ಇಪ್ಪತ್ತು ವರ್ಷದ ಕಸುಬು. ಉಜ್ಜಿದಷ್ಟೂ ಬೆಲೆ ಏರುತ್ತದೆ ಎಂಬುದು ನನ್ನ ಅಂಗಡಿಯ ಏಕೈಕ ಸಿದ್ಧಾಂತ.

ಹೀಗಿರಲು ನನ್ನವಳು ಅಜ್ಜಿ ಕೊಟ್ಟಿದ್ದ ಬೆಳ್ಳಿ ನಾಣ್ಯವೊಂದನ್ನು ಹೊರತೆಗೆದಳು. ಅದನ್ನು ಮಾರಿ, ಪಕ್ಕದ ಬೀದಿಯವರು ಮಾರುತ್ತಿದ್ದ ಹೊಲಿಗೆ ಮೆಷಿನ್ ಕೊಳ್ಳಬೇಕು, ಮನೆಯಲ್ಲೇ ಹೊಲಿಗೆ ಶುರು ಮಾಡಬೇಕು ಎಂಬುದು ಅವಳ ಎರಡು ವರ್ಷದ ಆಸೆ. ಶನಿವಾರ ದಾಟಿದರೆ ಮೆಷಿನ್ ಬೇರೆಯವರ ಪಾಲು.

"ನಾಳೆ ನಾಣ್ಯದ ಮೇಷ್ಟ್ರಿಗೆ ತೋರಿಸೋಣ. ಅಲ್ಲೀವರೆಗೂ ಮುಟ್ಟಬೇಡಿ."

"ಕಾಗೆ ಥರ ಕಪ್ಪಗಿದೆಯಲ್ಲೇ! ಸ್ವಲ್ಪ ಮುಖ ತೊಳೆಸಿದ್ರೆ..."

"ರೀ, ಮುಟ್ಟಬೇಡಿ ಅಂದೆ."

ಅವಳು ತಂಗಿ ಮನೆಗೆ ಹೊರಟಿದ್ದೇ ತಡ, ನಾನು ಮುಟ್ಟಿದೆ. ಹಲ್ಲುಪುಡಿ ಹಾಕಿ, ಹಳೆ ಬ್ರಷ್ಷಿನಿಂದ ಐದೇ ನಿಮಿಷ ಉಜ್ಜಿದೆ. ಆಹಾ! ನಾಣ್ಯದ ಮೇಲಿನ ರಾಣಿ ಈಗಷ್ಟೇ ಸ್ನಾನದ ಮನೆಯಿಂದ ಬಂದಂತಿದ್ದಳು!

ಈ ವೈಭವಕ್ಕೆ ಸಾಕ್ಷಿ ಇರಲೆಂದು ಪಕ್ಕದ ಅಂಗಡಿಯ ಗಡಿಯಾರದವನಿಗೆ ತೋರಿಸಿದೆ. ಅವನು ಹೌಹಾರಿದ.

"ಅಣ್ಣಾ, ತೊಳೆದುಬಿಟ್ರಾ? ಹಳೆ ನಾಣ್ಯಕ್ಕೆ ಆ ಕಪ್ಪೇ ಕಣಣ್ಣ ಮರ್ಯಾದೆ! ಅರ್ಧಕ್ಕರ್ಧ ಬೆಲೆ ಹೋಯ್ತು."

ಹೊಲಿಗೆ ಮೆಷಿನ್ ನನ್ನ ಕಣ್ಣೆದುರೇ ಬೇರೆಯವರ ಮನೆಗೆ ಹೊರಟಿತು. ಈಗ ಕಪ್ಪು ಮರಳಿ ಬರಬೇಕಲ್ಲ! ಬೇಯಿಸಿದ ಮೊಟ್ಟೆಯ ಜೊತೆ ಮುಚ್ಚಿಟ್ಟರೆ ಬೆಳ್ಳಿ ಕಪ್ಪಾಗುತ್ತದೆಂದು ಎಲ್ಲೋ ಕೇಳಿದ್ದೆ. ಒಂದು ಮೊಟ್ಟೆ ಬೇಯಿಸಿ, ಒಡೆದು, ರಾಣಿಯ ಜೊತೆ ಡಬ್ಬಿಯಲ್ಲಿ ಕೂಡಿಹಾಕಿದೆ. ಕಪ್ಪೇನೋ ಬಂತು. ಜೊತೆಗೆ ನೀಲಿಯೂ ಬಂತು! ಅದನ್ನು ಮುಚ್ಚಲು ದೀಪದ ಮಸಿ ಬಳಿದು, ಸವೆದ ಹಾಗೆ ಕಾಣಲೆಂದು ಬೀಗದ ಕೈಗಳ ಜೊತೆ ಜೇಬಿಗೆ ಹಾಕಿಕೊಂಡು ಸಂಜೆಯವರೆಗೆ ಓಡಾಡಿದೆ.

ಮರುದಿನ ಮೇಷ್ಟ್ರ ಅಂಗಡಿ. ಒಂದು ಮೇಜು, ಒಂದು ದೀಪ, ಒಂದು ಭೂತಗನ್ನಡಿ. ಭಾನುವಾರ ಅಲ್ಲೇ ಅವರು ನಾಣ್ಯ ಪರೀಕ್ಷೆಯ ಪಾಠ ಹೇಳುತ್ತಾರೆ. ನಾಣ್ಯದ ಅಂಚು ಹಿಡಿದು, ದೀಪದ ಕೆಳಗೆ ಮೆಲ್ಲಗೆ ವಾಲಿಸಿದರು. ಮತ್ತೊಮ್ಮೆ ವಾಲಿಸಿದರು.

"ಹಲ್ಲುಪುಡಿ," ಎಂದರು.

ನನ್ನವಳು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಲ್ಲೀನನಾದೆ.

"ನೋಡಿ ತಾಯಿ, ಅಕ್ಷರದ ಸಂದಿಯಲ್ಲಿ ಪುಡಿ ಕೂತು ಬೆಳ್ಳಗಿದೆ, ರಾಣಿ ಕೆನ್ನೆ ಕಪ್ಪಗಿದೆ. ಕೈಯಿಂದ ಕೈಗೆ ಓಡಾಡಿದ ನಾಣ್ಯದಲ್ಲಿ ಕೆನ್ನೆ ಸವೆದು ಬೆಳ್ಳಗಾಗಿ, ಸಂದಿಯಲ್ಲಿ ಕಪ್ಪು ಉಳೀಬೇಕು. ಇದು ತಲೆಕೆಳಗು! ಸುತ್ತಿ ಸುತ್ತಿ ಉಜ್ಜಿದ ಕೂದಲೆಳೆ ಗೀರು ಬೇರೆ. ಆಮೇಲೆ ಈ ನೀಲಿ ಛಾಯೆ, ಅಂದ್ರೆ ಮೊಟ್ಟೆ. ಬೇಯಿಸಿದ್ದು."

"ಮೊಟ್ಟೆನಾ!" ಎಂದಳು ನನ್ನವಳು. "ರೀ, ಒಂದು ಮೊಟ್ಟೆ ಕಮ್ಮಿ ಇದೆ ಅಂದಾಗ ಬೆಕ್ಕು ತಿಂತು ಅಂದ್ರಲ್ಲ! ಆ ಬೆಕ್ಕು ಸಿಪ್ಪೆ ಸುಲಿದು ಕಸದ ಬುಟ್ಟಿಗೆ ಹಾಕಿ ಹೋಗಿತ್ತಲ್ಲ, ನಿನ್ನೇನೇ ಅಂದ್ಕೊಂಡೆ!"

"ಅದರ ಮೇಲೆ ಮಸಿ," ಎಂದರು ಮೇಷ್ಟ್ರು ನಿರ್ದಯವಾಗಿ. "ಕೊನೆಗೆ ಬೀಗದ ಕೈ ಜೊತೆ ಜೇಬಲ್ಲಿ ಸವಾರಿ."

ನಾಚಿಕೆ ಒಂದು ಕಡೆ ಇರಲಿ, ನಾನು ಬೆರಗಾಗಿ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನನ್ನ ಇಡೀ ದಿನದ ದಿನಚರಿಯನ್ನು ಈ ಮನುಷ್ಯ ಬೆರಳಗಲದ ಬೆಳ್ಳಿಯಲ್ಲಿ ಓದುತ್ತಿದ್ದಾನೆ! ಇಪ್ಪತ್ತು ವರ್ಷ ಪಾತ್ರೆ ತಿಕ್ಕಿ ನಾನು ಕಲಿತ ವಿದ್ಯೆ ಅವರ ಭೂತಗನ್ನಡಿಯ ಹಿಡಿಗೂ ಸಮವಲ್ಲ.

"ಈಗ ಬೆಳ್ಳಿ ತೂಕದ ಬೆಲೆ ಅಷ್ಟೇ ತಾಯಿ," ಎಂದರು. ನನ್ನವಳ ಮುಖ ಬಾಡಿತು. ಅಷ್ಟರಲ್ಲಿ ಅವರು ಇನ್ನೊಮ್ಮೆ ಬಗ್ಗಿ ನೋಡಿ ನಿಟ್ಟುಸಿರಿಟ್ಟರು: "ಏನೇನು ಮಾಡಬಾರದೋ ಅಷ್ಟೂ ಒಂದೇ ನಾಣ್ಯದಲ್ಲಿ! ಪಾಠಕ್ಕೆ ಇಂಥದ್ದು ಹುಡುಕಿದ್ರೂ ಸಿಗಲ್ಲ."

ನನ್ನವಳ ಬೆನ್ನು ನೆಟ್ಟಗಾಯಿತು.

"ಸಿಗಲ್ಲ ಅಲ್ವಾ ಮೇಷ್ಟ್ರೇ? ಒಳ್ಳೆ ನಾಣ್ಯ ಊರಲ್ಲಿ ನೂರು ಸಿಗುತ್ತೆ. ನಾಲ್ಕು ತಪ್ಪು ಒಟ್ಟಿಗೆ ಇರೋದು ಇದೊಂದೇ. ಅಂದ್ಮೇಲೆ ಅಪರೂಪದ ಬೆಲೆ ಇದಕ್ಕೂ ಸಲ್ಲಬೇಕು."

ಮೇಷ್ಟ್ರು ನಕ್ಕರು. ಅವಳು ನಗಲಿಲ್ಲ. ಅವರು ಒಂದು ಬೆಲೆ ಹೇಳಿದರು. ಅವಳು ನಾಣ್ಯವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. ಇನ್ನೊಂದು ಬೆಲೆ ಬಂತು. ಅವಳು ಎದ್ದು ಚಪ್ಪಲಿ ಹಾಕಿಕೊಂಡಳು. ಮೂರನೆಯ ಬೆಲೆಗೆ ಕೂತಳು. ಸರಿಯಾಗಿ ಹೊಲಿಗೆ ಮೆಷಿನ್ನಿನ ಬೆಲೆ! ಇಂಥ ವ್ಯಾಪಾರ ನನ್ನ ಅಂಗಡಿಯಲ್ಲಿ ಒಂದು ದಿನವೂ ನಡೆದಿಲ್ಲ, ದೇವರಾಣೆ.

"ಇಂಥದ್ದು ಇನ್ನೂ ಇದ್ರೆ ತನ್ನಿ ತಾಯಿ," ಎಂದರು ಮೇಷ್ಟ್ರು, ದುಡ್ಡು ಕೊಡುತ್ತಾ.

"ನಾಣ್ಯ ಇಲ್ಲ. ಮಾಡಿದವರು ಇಲ್ಲೇ ನಿಂತಿದಾರೆ, ಇವರಿಗೆಷ್ಟು ಕೊಡ್ತೀರಿ?"

ಮೇಷ್ಟ್ರು ಭೂತಗನ್ನಡಿ ಎತ್ತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಪರೀಕ್ಷಿಸಿದರು.

"ಬೇಡ ತಾಯಿ. ಈ ನಾಣ್ಯ ಇಷ್ಟು ವರ್ಷದಿಂದ ನಿಮ್ಮ ಕೈಯಲ್ಲಿದೆ, ಆದರೂ ಎಲ್ಲೂ ತಿದ್ದಿದ ಗುರುತೇ ಇಲ್ಲ!"